ಅಳತೆ ತೆಗೆದವನ ಹೊಣೆ

ಸೂರತ್ತಿನ ಪಕ್ಕ, ತಾಪಿ ನದಿ ಸಮುದ್ರ ಸೇರುವ ಕಡೆ ಇರುವ ಹಜೀರಾದಲ್ಲಿ ಲಾರ್ಸನ್ ಅಂಡ್ ಟೂಬ್ರೊ ಕಂಪನಿ ಕಳೆದ ದಶಕದಲ್ಲಿ ಎರಡು ದೊಡ್ಡ ಕೆಲಸಗಳನ್ನು ಹೆಚ್ಚುಕಡಿಮೆ ಒಟ್ಟೊಟ್ಟಿಗೆ ಮಾಡಿತು. ಫ್ರಾನ್ಸಿನ ಕಾಡರಾಶ್‌ನಲ್ಲಿ ಏಳುತ್ತಿರುವ ಐಟರ್ ಪರಮಾಣು ಸಮ್ಮಿಳನ ಸ್ಥಾವರಕ್ಕೆ ಬೇಕಾದ ಕ್ರಯೋಸ್ಟ್ಯಾಟ್ ಅವುಗಳಲ್ಲಿ ಒಂದು. 3,850 ಟನ್ ತೂಗುವ, ಸುಮಾರು 30 ಮೀಟರ್ ಅಗಲದ, ಅಷ್ಟೇ ಎತ್ತರದ ಉಕ್ಕಿನ ನಿರ್ವಾತ ಪಾತ್ರೆ ಅದು. 54 ತುಂಡುಗಳಾಗಿ ಹಡಗೇರಿ ಹೋದ ಅದರ ಕೊನೆಯ ಕಂತು ಹೊರಟದ್ದು 2020ರ ಜೂನ್ ಕೊನೆಯಲ್ಲಿ. ಇನ್ನೊಂದು ಕೆಲಸ ಭಾರತೀಯ ಸೇನೆಯದು. ದಕ್ಷಿಣ ಕೊರಿಯಾದ ಕೆ9 ಫಿರಂಗಿಯನ್ನು ನಮ್ಮ ಮರುಭೂಮಿಗೆ ಹೊಂದಿಸಿ ‘ಕೆ9 ವಜ್ರ’ ಎಂದು ಮಾಡಿಕೊಟ್ಟದ್ದು. 2017ರಲ್ಲಿ 100 ಫಿರಂಗಿಗಳಿಗೆ ಒಪ್ಪಂದವಾಗಿ, ಕೊನೆಯದು 2021ರ ಫೆಬ್ರವರಿಯಲ್ಲಿ ಸೇನೆಯ ಕೈ ಸೇರಿತು. ಆಮೇಲೆ ಅದನ್ನೇ ಲಡಾಖಿನ ಚಳಿಗೂ ಒಗ್ಗಿಸಿದರು. ಒಂದು ವಸ್ತು ಸೂರ್ಯನ ಶಕ್ತಿಯನ್ನು ಭೂಮಿಯ ಮೇಲೆ ಪಳಗಿಸುವ ಆಸೆಗಾಗಿ, ಇನ್ನೊಂದು ಮನುಷ್ಯರ ಮೇಲೆ ಗುಂಡು ಹಾರಿಸುವುದಕ್ಕಾಗಿ. ಎರಡಕ್ಕೂ ಬೇಕಾದ್ದು ಉಕ್ಕು, ಎರಡಕ್ಕೂ ಬೇಕಾದ್ದು ಬೆಸುಗೆ. ಉಕ್ಕು ಕರಗಿಸಿ ಮಾರಿದವನಿಗೆ ಈ ಎರಡರ ನಡುವಿನ ವ್ಯತ್ಯಾಸದಲ್ಲಿ ಪಾಲಿದೆಯೇ? ಇಲ್ಲವೆಂದಾದರೆ, ಯಾವ ಘಟ್ಟದಿಂದ ಪಾಲು ಶುರುವಾಗುತ್ತದೆ?

ಲಿನಕ್ಸ್ ಎಂಬ ಕಂಪ್ಯೂಟರ್ ಕಾರ್ಯವ್ಯವಸ್ಥೆಯ ವಿಚಾರಕ್ಕೆ ಬಂದರೆ ಈ ಪ್ರಶ್ನೆ ಇನ್ನೂ ಮೊನಚಾಗುತ್ತದೆ, ಏಕೆಂದರೆ ಅಲ್ಲಿ ಕಚ್ಚಾ ಸಾಮಗ್ರಿಗೆ ಬೆಲೆಯೂ ಇಲ್ಲ, ಬೇಲಿಯೂ ಇಲ್ಲ. 1991ರಲ್ಲಿ ಲಿನಸ್ ಟೊರ್ವಾಲ್ಡ್ಸ್ ಶುರುಮಾಡಿದ ಅದರ ತಿರುಳನ್ನು, ಅಂದರೆ ಕರ್ನಲ್ಲನ್ನು, ಯಾರು ಬೇಕಾದರೂ ತೆಗೆದುಕೊಂಡು, ತಮಗೆ ಬೇಕಾದ ತಂತ್ರಾಂಶಗಳನ್ನು ಅದರೊಡನೆ ಸೇರಿಸಿ, ಬೇಡವಾದದ್ದನ್ನು ಬಿಟ್ಟು, ಹೊಸ ಹೆಸರಿಟ್ಟು ಹಂಚಬಹುದು. ಹಾಗೆ ಹಂಚಿದ್ದೇ ಡಿಸ್ಟ್ರೊ. ಐಟರ್ ಯೋಜನೆಗೂ ಅಂಥದೊಂದು ಕಂತೆ ಇದೆ. ಕೊಡ್ಯಾಕ್ ಕೋರ್ ಸಿಸ್ಟಮ್ ಎಂದು ಅದರ ಹೆಸರು. ರೆಡ್ ಹ್ಯಾಟ್ ಕಂಪನಿಯ ಲಿನಕ್ಸ್ ಮೇಲೆ ಎಪಿಕ್ಸ್ ಎಂಬ ನಿಯಂತ್ರಣ ತಂತ್ರಾಂಶವನ್ನು ಕೂರಿಸಿ, ಆ ಸ್ಥಾವರಕ್ಕೆಂದೇ ಕಟ್ಟಿದ್ದು. ಬಿಡಿಭಾಗ ಒದಗಿಸುವ ದೇಶಗಳಿಗೆಲ್ಲ, ಗಾಂಧಿನಗರದ ಪ್ಲಾಸ್ಮಾ ಸಂಶೋಧನಾ ಸಂಸ್ಥೆಯ ಅಂಗವಾದ ಐಟರ್-ಇಂಡಿಯಾಕ್ಕೂ ಸೇರಿ, ಇದನ್ನೇ ಹಂಚಲಾಗುತ್ತದೆ. ಹಾಗಿಲ್ಲದೆ ಒಂದು ದೇಶದ ಪಂಪಿನ ಸುದ್ದಿ ಇನ್ನೊಂದು ದೇಶದ ಕವಾಟಕ್ಕೆ ತಲುಪುವುದಿಲ್ಲ. ಇತ್ತ ನಮ್ಮ ರಕ್ಷಣಾ ಸಚಿವಾಲಯ ತನ್ನ ಕಚೇರಿಯ ಕಂಪ್ಯೂಟರುಗಳಿಗೆ ಉಬುಂಟು ಎಂಬ ಡಿಸ್ಟ್ರೊದಿಂದ ‘ಮಾಯಾ’ ಎಂಬ ವ್ಯವಸ್ಥೆಯನ್ನು ಮಾಡಿಸಿಕೊಂಡ ಸುದ್ದಿ 2023ರ ಆಗಸ್ಟಿನಲ್ಲಿ ಬಂತು. ಚೆನ್ನೈನಲ್ಲಿ ಸಿಡ್ಯಾಕ್ ಸಂಸ್ಥೆ ಸರ್ಕಾರಿ ಕಚೇರಿಗಳಿಗೆಂದು ಡೆಬಿಯನ್ ಎಂಬ ಇನ್ನೊಂದು ಡಿಸ್ಟ್ರೊದಿಂದ ಕಟ್ಟಿದ ‘ಬಾಸ್’ 2007ರಷ್ಟು ಹಳೆಯದು.

ಹೊಂದಿಸುವುದು ಎಂದರೆ ಏನು ಎನ್ನುವುದನ್ನು ಸ್ವಲ್ಪ ಹತ್ತಿರದಿಂದ ನೋಡಬೇಕು, ಏಕೆಂದರೆ ವಾದ ನಿಂತಿರುವುದೇ ಅದರ ಮೇಲೆ. ರೆಡ್ ಹ್ಯಾಟ್ ಬಳಗದ ಲಿನಕ್ಸ್‌ಗಳಲ್ಲಿ ಈ ಕೆಲಸಕ್ಕೆ ಕಿಕ್‌ಸ್ಟಾರ್ಟ್ ಎಂಬ ಫೈಲು ಇರುತ್ತದೆ. ಯಾವ ಸಾಧಾರಣ ಎಡಿಟರ್‌ನಲ್ಲೂ ತೆರೆದು ಓದಬಹುದಾದ ಫೈಲು. ಡಿಸ್ಕನ್ನು ಹೇಗೆ ಭಾಗ ಮಾಡಬೇಕು, ಭಾಷೆ ಯಾವುದು, ಕೀಲಿಮಣೆ ಯಾವುದು ಎಂದು ಮೊದಲು ಬರುತ್ತದೆ. ಆಮೇಲೆ ಪ್ಯಾಕೇಜುಗಳ ಪಟ್ಟಿ, ಸಾಲಿಗೊಂದರಂತೆ. ಯಾವುದು ಬೇಡವೋ ಅದರ ಹೆಸರಿನ ಮುಂದೆ ಒಂದು ಕಳೆಯುವ ಚಿಹ್ನೆ. ಕೊನೆಯಲ್ಲಿ, ಎಲ್ಲ ಇನ್‌ಸ್ಟಾಲ್ ಆದ ಮೇಲೆ ನಡೆಯಬೇಕಾದ ಆಜ್ಞೆಗಳು: ಯುಎಸ್‌ಬಿ ಡ್ರೈವ್ ಚುಚ್ಚಿದರೆ ತೆರೆಯಬಾರದು, ಬಳಸುವವರಿಗೆ ಟರ್ಮಿನಲ್ ಸಿಗಬಾರದು, ಆನ್ ಮಾಡಿದ ಕೂಡಲೇ ಇಂಥದೇ ಪರದೆ ಬರಬೇಕು. ಇನ್ನೂರು ಸಾಲಿನ ಇಂಥ ಫೈಲನ್ನು ಗಮನವಿಟ್ಟು ಓದಿದರೆ ಆ ಯಂತ್ರ ಎಲ್ಲಿ ಕೂರುತ್ತದೆ, ಅದರ ಮುಂದೆ ಯಾರು ಕೂರುತ್ತಾರೆ, ಮಾಡಿಸಿದವರಿಗೆ ಅವರ ಮೇಲೆ ಎಷ್ಟು ನಂಬಿಕೆ ಎನ್ನುವುದೆಲ್ಲ ತಿಳಿದುಹೋಗುತ್ತದೆ. ಓದಿದವನಿಗೇ ಇಷ್ಟು ತಿಳಿಯುವುದಾದರೆ ಬರೆದವನಿಗೆ ತಿಳಿಯದೆ ಇರುವುದು ಸಾಧ್ಯವಿಲ್ಲ. ಸೂರತ್ತಿನ ಮಗ್ಗಕ್ಕೆ ತಾನು ನೇಯುವ ಬಟ್ಟೆ ಯಾರ ಮೈಗೆ ಎಂದು ಗೊತ್ತಿರುವುದಿಲ್ಲ. ಅಳತೆ ತೆಗೆದ ದರ್ಜಿಗೆ ಗೊತ್ತು. ಎಲ್ಲರಿಗೂ ಎಂದು ಕೊಡುವವನ ಮೇಲೆ, ಕೊಟ್ಟದ್ದು ಯಾವುದಕ್ಕೆ ಬಳಕೆಯಾಯಿತು ಎಂಬ ಹೊಣೆ ಬರುವುದು ತೀರ ಕಡಿಮೆ. ಇಂಥವರಿಗೆ, ಇಂಥ ಕೆಲಸಕ್ಕೆ ಎಂದು ಹೊಂದಿಸಿ ಕೊಡುವವನ ಮೇಲೆ ಅದು ಪೂರ್ತಿಯಾಗಿ ಬರುತ್ತದೆ. ನನ್ನ ವಾದ ಇಷ್ಟೇ. ಕೇಳುವುದಕ್ಕೆ ಸುಲಭವಾಗಿದೆ, ಆದರೆ ಮುಕ್ತ ತಂತ್ರಾಂಶದ ಹಿರಿಯರೂ ಇದನ್ನು ಒಪ್ಪುವುದಿಲ್ಲ, ನಮ್ಮ ಹಳೆಯ ಶಾಸ್ತ್ರಕಾರರೂ ಮೇಲ್ನೋಟಕ್ಕೆ ಒಪ್ಪುವುದಿಲ್ಲ.

ಹಿರಿಯರ ಮಾತು ಮೊದಲು. ಮುಕ್ತ ತಂತ್ರಾಂಶ ಚಳವಳಿ ಬಳಕೆದಾರನಿಗೆ ನಾಲ್ಕು ಸ್ವಾತಂತ್ರ್ಯಗಳನ್ನು ಕೊಡುತ್ತದೆ. ಅವುಗಳಲ್ಲಿ ಮೊದಲನೆಯದು, ಅವರ ಎಣಿಕೆಯಲ್ಲಿ ಸೊನ್ನೆಯದು, ತಂತ್ರಾಂಶವನ್ನು ಯಾವ ಉದ್ದೇಶಕ್ಕಾದರೂ ಓಡಿಸುವ ಸ್ವಾತಂತ್ರ್ಯ. 1997ರಲ್ಲಿ ಡೆಬಿಯನ್ ಬಳಗ ತನ್ನ ಸಾಮಾಜಿಕ ಒಪ್ಪಂದವನ್ನು ಬರೆದುಕೊಂಡಾಗ ವ್ಯಕ್ತಿಗಳ ನಡುವೆ, ಗುಂಪುಗಳ ನಡುವೆ, ಕೆಲಸದ ಕ್ಷೇತ್ರಗಳ ನಡುವೆ ಭೇದ ಮಾಡುವ ಯಾವ ಲೈಸೆನ್ಸನ್ನೂ ಮುಕ್ತವೆಂದು ಒಪ್ಪುವುದಿಲ್ಲ ಎಂದು ನಿಯಮ ಮಾಡಿತು. ವ್ಯಾಪಾರಕ್ಕೆ ಬಳಸಬೇಡಿ ಎನ್ನುವಂತಿಲ್ಲ, ವಂಶವಾಹಿ ಸಂಶೋಧನೆಗೆ ಬಳಸಬೇಡಿ ಎನ್ನುವಂತಿಲ್ಲ. ಹಾಗೆಯೇ ಬಾಂಬಿಗೆ ಬಳಸಬೇಡಿ ಎನ್ನುವಂತೆಯೂ ಇಲ್ಲ. ಇದರಲ್ಲಿ ಒಂದು ಔದಾರ್ಯವಿದೆ. ಒಂದು ಕುರುಡೂ ಇದೆ. ಈ ನಿಯಮಗಳ ಜಗತ್ತಿನಲ್ಲಿ ಇರುವುದು ಇಬ್ಬರೇ: ಕೊಡುವವನು ಮತ್ತು ಪಡೆಯುವವನು. ಪಡೆದವನ ಕೈಯ ಯಂತ್ರದ ಎದುರಿಗೆ ನಿಂತ ಮೂರನೆಯವನ ಹೆಸರು ಅಲ್ಲೆಲ್ಲೂ ಬರುವುದಿಲ್ಲ. ಫಿರಂಗಿಯೊಳಗೆ ಮುಕ್ತ ತಂತ್ರಾಂಶವಿದ್ದರೆ ಅದರ ಮೂಲ ಸಂಕೇತವನ್ನು ಕೇಳುವ ಹಕ್ಕು ಸೇನೆಗೆ ಇರುತ್ತದೆ, ಗುಂಡು ಬೀಳುವ ಊರಿಗೆ ಅಲ್ಲ.

ಮೂರನೆಯವನನ್ನೇ ಮುಂದಿಟ್ಟುಕೊಂಡು ಕೊಡುವುದರ ಬಗ್ಗೆ ಯೋಚಿಸಿದವರು ಜೈನ ಆಚಾರ್ಯರು. ಹಳಗನ್ನಡದ ಜೈನ ಕವಿಗಳು ಕಾವ್ಯದ ಮೊದಲಿಗೇ ಕೈಮುಗಿಯುವ ಸಮಂತಭದ್ರ, ಗೃಹಸ್ಥರಿಗೆಂದು ಬರೆದ ‘ರತ್ನಕರಂಡಕ ಶ್ರಾವಕಾಚಾರ’ದಲ್ಲಿ ಅನರ್ಥದಂಡ ಎಂಬ ಐದು ದೋಷಗಳನ್ನು ಹೇಳುತ್ತಾನೆ. ಯಾವ ಪ್ರಯೋಜನವೂ ಇಲ್ಲದೆ ಮೈಮೇಲೆ ಎಳೆದುಕೊಳ್ಳುವ ಪಾಪಗಳು ಅವು. ಅದರಲ್ಲೊಂದು ಹಿಂಸಾದಾನ, ಅಂದರೆ ಕೊಲ್ಲಲು ಕಾರಣವಾಗಬಹುದಾದ ವಸ್ತುವನ್ನು ಇನ್ನೊಬ್ಬರಿಗೆ ಕೊಡುವುದು. ಅವನ ಪಟ್ಟಿಯಲ್ಲಿ ಕತ್ತಿ, ವಿಷ, ಸರಪಳಿ ಇರುವುದು ಸಹಜ. ಆದರೆ ಗುದ್ದಲಿಯೂ ಇದೆ, ಬೆಂಕಿಯೂ ಇದೆ. ಕೆಲವು ಶತಮಾನಗಳ ನಂತರ ಗುಜರಾತಿನಲ್ಲಿ ಹೇಮಚಂದ್ರ ಬರೆದ ‘ಯೋಗಶಾಸ್ತ್ರ’ದ ಪಟ್ಟಿಯಲ್ಲಿ ನೇಗಿಲು, ಒನಕೆ, ಒರಳು ಸಹ ಸೇರುತ್ತವೆ. ಈಗಿನ ಅಹಮದಾಬಾದ್ ಜಿಲ್ಲೆಯ ಧಂಧೂಕದಲ್ಲಿ ಹುಟ್ಟಿದ, ಚೌಲುಕ್ಯ ದೊರೆ ಕುಮಾರಪಾಲನಿಗಾಗಿ ಆ ಗ್ರಂಥವನ್ನು ರಚಿಸಿದ ಹೇಮಚಂದ್ರನಿಗೆ ಪ್ರತಿ ಮನೆಯಲ್ಲೂ ಒನಕೆ ಇರುವುದು ಗೊತ್ತಿರಲಿಲ್ಲವೆಂದಲ್ಲ. ಗೊತ್ತಿದ್ದೂ ಅದನ್ನು ಆಯುಧದ ಸಾಲಿನಲ್ಲಿ ಕೂರಿಸಿದ. ಈ ಪಟ್ಟಿಗಳನ್ನು ನೋಡಿದರೆ, ಕೊಲ್ಲುವ ಗುಣ ವಸ್ತುವಿನಲ್ಲಿ ಹುಟ್ಟಿನಿಂದ ಬಂದದ್ದು ಎಂದು ಆಚಾರ್ಯರು ತಿಳಿದಿರಲಿಲ್ಲ ಎನ್ನುವುದು ಖಚಿತವಾಗುತ್ತದೆ. ಕತ್ತಿಯನ್ನೂ ಒನಕೆಯನ್ನೂ ಒಂದೇ ಉಸಿರಿಗೆ ಹೇಳಬಲ್ಲವನ ಕಣ್ಣು ವಸ್ತುವಿನ ಮೇಲೆ ಇರುವುದಿಲ್ಲ, ಅದನ್ನು ಕೈ ಬದಲಿಸುವ ಕ್ರಿಯೆಯ ಮೇಲೆ ಇರುತ್ತದೆ.

ವಸ್ತುವಿನಲ್ಲಿ ಗುಣವಿಲ್ಲ ಎನ್ನುವುದಕ್ಕೆ ಐಟರ್‌ನ ಕಂತೆಯಲ್ಲೇ ಸಾಕ್ಷಿಯಿದೆ. ಅದರೊಳಗಿನ ಎಪಿಕ್ಸ್ ತಂತ್ರಾಂಶದ ಬೇರು ಅಮೆರಿಕದ ಲಾಸ್ ಅಲಮೋಸ್ ಪ್ರಯೋಗಾಲಯದಲ್ಲಿದೆ. 1980ರ ದಶಕದ ಕೊನೆಯಲ್ಲಿ ಅಲ್ಲಿ ಗ್ರೌಂಡ್ ಟೆಸ್ಟ್ ಆಕ್ಸಿಲರೇಟರ್ ಎಂಬ ವೇಗೋತ್ಕರ್ಷಕವನ್ನು ಕಟ್ಟುತ್ತಿದ್ದರು. ರೇಗನ್ ಕಾಲದ ‘ಸ್ಟಾರ್ ವಾರ್ಸ್’ ಯೋಜನೆಯ ಹಣದಲ್ಲಿ, ಆಕಾಶದಲ್ಲಿ ಕ್ಷಿಪಣಿಗಳನ್ನು ಕಣಗಳ ಕಿರಣದಿಂದ ಹೊಡೆಯುವ ಕನಸಿನ ಭಾಗವಾಗಿ. ಅದನ್ನು ನಿಯಂತ್ರಿಸಲು ಬರೆದ ತಂತ್ರಾಂಶ ಆಮೇಲೆ ಆರ್ಗಾನ್ ಪ್ರಯೋಗಾಲಯದ ಸಹಕಾರದಿಂದ ಎಪಿಕ್ಸ್ ಆಯಿತು, ಎಲ್ಲರಿಗೂ ತೆರೆಯಿತು, ದೂರದರ್ಶಕಗಳಿಗೆ ಹೋಯಿತು, ಎಕ್ಸ್-ರೇ ಯಂತ್ರಗಳಿಗೆ ಹೋಯಿತು, ಈಗ ಸಮ್ಮಿಳನ ಸ್ಥಾವರದಲ್ಲಿದೆ. ಆಯುಧದ ಮನೆಯಲ್ಲಿ ಹುಟ್ಟಿದ ಶಾಪ ಅದಕ್ಕೆ ಅಂಟಲಿಲ್ಲ. ಇದಕ್ಕೆ ವಿರುದ್ಧ ದಿಕ್ಕಿನ ಉದಾಹರಣೆಯನ್ನು ಡೆಬಿಯನ್‌ನ ಆ ನಿಯಮಗಳನ್ನು ಬರೆದವರಲ್ಲಿ ಮುಖ್ಯನಾದ ಬ್ರೂಸ್ ಪೆರೆನ್ಸ್ ಕೊಟ್ಟಿದ್ದಾನೆ. ಬರ್ಕ್‌ಲಿ ವಿಶ್ವವಿದ್ಯಾಲಯದ ಒಂದು ವಿದ್ಯುನ್ಮಂಡಲ ವಿನ್ಯಾಸದ ತಂತ್ರಾಂಶದ ಲೈಸೆನ್ಸಿನಲ್ಲಿ, ದಕ್ಷಿಣ ಆಫ್ರಿಕಾದ ಪೊಲೀಸರು ಇದನ್ನು ಬಳಸಕೂಡದು ಎಂದಿತ್ತು. ವರ್ಣಭೇದದ ಕಾಲದಲ್ಲಿ ಹಾಕಿದ ಷರತ್ತು. ವರ್ಣಭೇದದ ಆಡಳಿತ ಹೋಯಿತು, ಮಂಡೇಲ ಅಧ್ಯಕ್ಷರಾದರು, ಷರತ್ತು ಮಾತ್ರ ಹಾಗೇ ಉಳಿಯಿತು. ಎಲ್ಲರಿಗೂ ಎಂದು ಕೊಡುವ ವಸ್ತುವಿನ ಮೇಲೆ ನೀತಿಯನ್ನು ಕೆತ್ತಿದರೆ ಹೀಗಾಗುತ್ತದೆ: ಕಾಲ ಸರಿದಂತೆ ತಪ್ಪಿತಸ್ಥ ಬದಲಾಗುತ್ತಾನೆ, ಕೆತ್ತನೆ ಬದಲಾಗುವುದಿಲ್ಲ.

ಹೊಂದಿಸಿದ ವಸ್ತುವಿನ ಕಥೆ ಬೇರೆ. ಉತ್ತರ ಕೊರಿಯಾದ ಸರ್ಕಾರ ಮಾಡಿಸಿದ ‘ರೆಡ್ ಸ್ಟಾರ್’ ಸಹ ಒಂದು ಲಿನಕ್ಸ್ ಡಿಸ್ಟ್ರೊ. 2015ರ ಡಿಸೆಂಬರಿನಲ್ಲಿ ಇಬ್ಬರು ಜರ್ಮನ್ ಸಂಶೋಧಕರು ಅದನ್ನು ಬಿಚ್ಚಿ ನೋಡಿ, ಒಳಗೆ ಏನಿದೆ ಎಂದು ಹ್ಯಾಂಬರ್ಗಿನ ಸಮ್ಮೇಳನವೊಂದರಲ್ಲಿ ವಿವರಿಸಿದರು. ಪೆನ್ ಡ್ರೈವ್ ಚುಚ್ಚಿದರೆ ಅದರಲ್ಲಿರುವ ದಸ್ತಾವೇಜು, ಚಿತ್ರ, ವಿಡಿಯೊಗಳಿಗೆ ಆ ಯಂತ್ರದ ಡಿಸ್ಕಿನ ಕ್ರಮಸಂಖ್ಯೆಯಿಂದ ಮಾಡಿದ ಗುರುತು ಸದ್ದಿಲ್ಲದೆ ಅಂಟಿಕೊಳ್ಳುತ್ತದೆ. ಒಂದು ಹಾಡು ಕೈಯಿಂದ ಕೈಗೆ ದಾಟುತ್ತಾ ಹೋದರೆ ಯಾರಿಂದ ಯಾರಿಗೆ ದಾಟಿತು ಎಂದು ಹಿಂದಕ್ಕೆ ಹೋಗಿ ಹುಡುಕಬಹುದು. ವ್ಯವಸ್ಥೆಯ ಮುಖ್ಯ ಫೈಲುಗಳನ್ನು ಯಾರಾದರೂ ಮುಟ್ಟಿದರೆ ಯಂತ್ರ ಮತ್ತೆ ಮತ್ತೆ ರೀಬೂಟ್ ಆಗುತ್ತಾ ಕೂರುತ್ತದೆ. ಇಲ್ಲಿ ಕರ್ನಲ್ ಬರೆದ ಸಾವಿರಾರು ಜನರ ಪಾಲೇನು? ಅವರಲ್ಲಿ ಬಹಳ ಮಂದಿ ಇದನ್ನು ಕಂಡರೆ ಹೇಸುವವರೇ. ಆ ಗುರುತು ಅಂಟಿಸುವ ಭಾಗವನ್ನು ಕೂತು ಬರೆದವನೊಬ್ಬ ಇದ್ದಾನಲ್ಲ, ಅದನ್ನು ಶುರುವಿನಲ್ಲೇ ಓಡಬೇಕಾದ ಸೇವೆಗಳ ಪಟ್ಟಿಗೆ ಸೇರಿಸಿದವನೊಬ್ಬ ಇದ್ದಾನಲ್ಲ, ಪ್ರಶ್ನೆ ಕೇಳಬೇಕಾದ್ದು ಅವನನ್ನು. ಅವನಿಗೆ ಮೂರನೆಯವರು ಯಾರೆಂದು ಗೊತ್ತಿತ್ತು. ಮಾಡಿಸಿದ್ದು ಸರ್ಕಾರ, ಬಳಸುವವನು ಪ್ರಜೆ. ಇಲ್ಲಿ ಬಳಕೆದಾರನೇ ಮೂರನೆಯವನು.

ಇದೇ ಬಗೆಯ ಹೊಂದಾಣಿಕೆ ಕಾಸರಗೋಡಿನಲ್ಲಿ ಇನ್ನೊಂದು ಮುಖ ತೋರಿಸುತ್ತದೆ. ಕೇರಳ ಸರ್ಕಾರ 2001ರ ಸುಮಾರಿಗೆ ಶುರುಮಾಡಿದ ‘ಐಟಿ ಅಟ್ ಸ್ಕೂಲ್’ ಯೋಜನೆ, 2017ರಿಂದ ‘ಕೈಟ್’ ಎಂಬ ಸಂಸ್ಥೆಯಾಗಿ, ಶಾಲೆಗಳಿಗೆಂದೇ ಲಿನಕ್ಸ್ ಹೊಂದಿಸಿ ಕೊಡುತ್ತಾ ಬಂದಿದೆ. ಮೊದಲು ಡೆಬಿಯನ್ ಆಧಾರ, ಆಮೇಲೆ ಉಬುಂಟು. ಗಣಿತಕ್ಕೆ ಜಿಯೋಜೀಬ್ರಾ, ಚಿತ್ರಕ್ಕೆ ಜಿಂಪ್, ಪುಟಾಣಿಗಳ ಪ್ರೋಗ್ರಾಮಿಂಗಿಗೆ ಸ್ಕ್ರ್ಯಾಚ್. ಅಲ್ಲಿನ ಕನ್ನಡ ಮಾಧ್ಯಮದ ಮಕ್ಕಳು ಕೂರುವುದೂ ಇದೇ ಯಂತ್ರಗಳ ಮುಂದೆ. ಕನ್ನಡ ಕೀಲಿಮಣೆ ಪಟ್ಟಿಯಲ್ಲಿ ಬರುತ್ತದೋ ಇಲ್ಲವೋ ಎನ್ನುವುದು ಮೇಲೆ ಹೇಳಿದಂಥ ಫೈಲೊಂದರ ಒಂದು ಸಾಲಿನ ಮಾತು. ಕೆ.ಪಿ. ರಾವ್ ಅವರ ವಿನ್ಯಾಸದಿಂದ ಬಂದ ಕಗಪ ಕೀಲಿಮಣೆ ಲಿನಕ್ಸ್ ಡಿಸ್ಟ್ರೊಗಳ ಮೂಲ ಕಟ್ಟಿನಲ್ಲೇ ಸೇರಿ ಎಷ್ಟೋ ಕಾಲವಾಯಿತು; ಅದು ಇಡೀ ಲೋಕಕ್ಕೆ ಕೊಟ್ಟ ಕೊಡುಗೆ. ಆದರೆ ಮಂಜೇಶ್ವರದ ಒಂದು ಶಾಲೆಯ ಲ್ಯಾಬಿನಲ್ಲಿ ಅದು ತೆರೆದಿದೆಯೇ ಎನ್ನುವುದನ್ನು ಲೋಕ ತೀರ್ಮಾನಿಸುವುದಿಲ್ಲ, ಹೊಂದಿಸಿದವರು ತೀರ್ಮಾನಿಸುತ್ತಾರೆ. ಆ ಸಾಲು ಇದ್ದರೆ ಪುಣ್ಯವೂ ಅವರದೇ, ಬಿಟ್ಟುಹೋದರೆ ದೋಷವೂ ಅವರದೇ.

ಧರ್ಮದ ಹೆಸರಿನಲ್ಲೇ ಹೊಂದಿಸಿದ ಡಿಸ್ಟ್ರೊಗಳೂ ಇದ್ದವು. 2006ರ ಸುಮಾರಿಗೆ ಉಬುಂಟುವಿನ ಕ್ರೈಸ್ತ ಆವೃತ್ತಿಯೊಂದು ಬಂತು, ಮರುವರ್ಷ ಮುಸ್ಲಿಂ ಆವೃತ್ತಿ. ಅದು ಮುಂದೆ ‘ಸಬಿಲಿ’ ಎಂದು ಹೆಸರು ಬದಲಿಸಿಕೊಂಡು 2011ರವರೆಗೆ ನಡೆಯಿತು. ತಮಾಷೆಗೆಂದು ಸೈತಾನನ ಆವೃತ್ತಿಯನ್ನೂ ಯಾರೋ ಮಾಡಿ ಹಂಚಿದರು. ಒಂದರಲ್ಲಿ ಬೈಬಲ್ ಓದುವ ತಂತ್ರಾಂಶ, ಇನ್ನೊಂದರಲ್ಲಿ ಕುರಾನ್ ಓದುವ, ನಮಾಜಿನ ಹೊತ್ತು ತಿಳಿಸುವ ತಂತ್ರಾಂಶ. ಎರಡರಲ್ಲೂ ಮಕ್ಕಳು ನೋಡಬಾರದ್ದನ್ನು ತಡೆಯುವ ಜಾಲದ ಜರಡಿ. ದೇವರು ಬೇರೆಯಾದರೂ ಜರಡಿಯ ಕೆಲಸ ಒಂದೇ ಎನ್ನುವುದು ಸ್ವಲ್ಪ ನಗು ತರಿಸುತ್ತದೆ. ಆದರೆ ಇವೆರಡೂ ತಾವು ಏನು ಸೇರಿಸಿದ್ದೇವೆ, ಏನನ್ನು ತಡೆಯುತ್ತೇವೆ ಎಂದು ಹಣೆಯ ಮೇಲೆ ಬರೆದುಕೊಂಡೇ ಬಂದವು. ಬೇಕಾದವರು ಹಾಕಿಕೊಂಡರು, ಸಾಕಾದವರು ತೆಗೆದರು. ರೆಡ್ ಸ್ಟಾರ್‌ಗೂ ಇವಕ್ಕೂ ಇರುವ ದೂರ ಇಲ್ಲಿದೆ. ತಡೆಯುವ ತಂತ್ರ ಎರಡೂ ಕಡೆ ಇದೆ, ಒಂದು ಕಡೆ ತಡೆಸಿಕೊಳ್ಳುವವನ ಮನೆಗೆ ಸುದ್ದಿ ಹೋಗಿದೆ.

ಕರಾರುವಾಕ್ಕಾಗಿ ಹೊಂದಿಸುವ ಘಟ್ಟದಲ್ಲೇ ಮನುಷ್ಯರ ಮನಸ್ಸಾಕ್ಷಿ ಏಳುತ್ತದೆ ಎನ್ನುವುದು ಬರೀ ತರ್ಕವೂ ಅಲ್ಲ. ಗೂಗಲ್ 2015ರಲ್ಲಿ ಟೆನ್ಸರ್‌ಫ್ಲೋ ಎಂಬ ಯಂತ್ರಕಲಿಕೆಯ ತಂತ್ರಾಂಶವನ್ನು ಎಲ್ಲರಿಗೂ ಮುಕ್ತವಾಗಿ ಬಿಟ್ಟಿತು. ಅದನ್ನು ಸೇನೆಗಳೂ ಬಳಸಬಹುದು ಎನ್ನುವುದು ಅಂದೇ ಎಲ್ಲರಿಗೂ ಗೊತ್ತಿತ್ತು, ಆದರೆ ಅದಕ್ಕಾಗಿ ಕಂಪನಿಯ ನೌಕರರು ಬೀದಿಗಿಳಿಯಲಿಲ್ಲ. 2018ರಲ್ಲಿ ಅಮೆರಿಕದ ರಕ್ಷಣಾ ಇಲಾಖೆಯ ‘ಪ್ರಾಜೆಕ್ಟ್ ಮೇವನ್’ ಯೋಜನೆಗಾಗಿ, ಡ್ರೋನ್ ತೆಗೆದ ಚಿತ್ರಗಳಲ್ಲಿ ವಸ್ತುಗಳನ್ನು ಗುರುತಿಸಲು ಅದನ್ನೇ ಹೊಂದಿಸಿಕೊಡುವ ಕೆಲಸ ನಡೆದಿದೆ ಎಂದು ತಿಳಿದಾಗ ಮಾತ್ರ ಸಾವಿರಾರು ನೌಕರರು ವಿರೋಧ ಪತ್ರಕ್ಕೆ ಸಹಿ ಹಾಕಿದರು, ಕೆಲವರು ಕೆಲಸ ಬಿಟ್ಟರು, ಒಪ್ಪಂದವನ್ನು ಮುಂದುವರಿಸುವುದಿಲ್ಲ ಎಂದು ಕಂಪನಿ ಜೂನ್‌ನಲ್ಲಿ ಹೇಳಿತು. ಅವರು ಯಾವ ಜೈನ ಗ್ರಂಥವನ್ನೂ ಓದಿರಬೇಕಾಗಿಲ್ಲ. ಆದರೆ ಮಾಡಿದ್ದು, ಮಾಡಿಸಿದ್ದು, ಮಾಡಿದವರನ್ನು ಅನುಮೋದಿಸಿದ್ದು ಎಂದು ಜೈನರು ಕರ್ಮವನ್ನು ಮೂರು ಬಗೆಯಾಗಿ ವಿಂಗಡಿಸುತ್ತಾರೆ. ಟೆನ್ಸರ್‌ಫ್ಲೋ ಬಿಟ್ಟಾಗ ತಾವು ಈ ಮೂರರಲ್ಲಿ ಎಲ್ಲೂ ಇಲ್ಲ, ಮೇವನ್‌ಗೆ ಹೊಂದಿಸುವಾಗ ಮೊದಲ ಎರಡರ ನಡುವೆ ಎಲ್ಲೋ ಇದ್ದೇವೆ ಎನ್ನುವುದು ಅವರಿಗೆ ತೋಚಿತು. ಆ ಕೆಲಸವನ್ನು ಆಮೇಲೆ ಬೇರೆ ಕಂಪನಿಗಳು ಎತ್ತಿಕೊಂಡವು, ಗೂಗಲ್ ತಾನೂ 2025ರ ಫೆಬ್ರವರಿಯಲ್ಲಿ ಆಯುಧಗಳಿಂದ ದೂರವಿರುವ ಮಾತನ್ನು ತನ್ನ ನಿಯಮಾವಳಿಯಿಂದ ತೆಗೆದುಹಾಕಿತು. ನಾನು ಬಿಟ್ಟರೆ ಇನ್ನೊಬ್ಬ ಮಾಡುತ್ತಾನೆ ಎನ್ನುವವರಿಗೆ ಇದು ಒಳ್ಳೆಯ ಪುರಾವೆ. ಆದರೆ ಆ ಪುರಾವೆಯಿಂದ ಸಾಬೀತಾಗುವುದು ಕೆಲಸ ನಿಲ್ಲುವುದಿಲ್ಲ ಎನ್ನುವುದಷ್ಟೇ. ಯಾರ ಕೈಯಿಂದ ಆಯಿತು ಎಂಬ ಪ್ರಶ್ನೆಗೆ ಅದು ಉತ್ತರವಾಗುವುದಿಲ್ಲ. ಕರ್ಮದ ಲೆಕ್ಕ ಬರೆಯುವವರು ಒಟ್ಟು ಮೊತ್ತವನ್ನು ನೋಡಿ ಒಬ್ಬೊಬ್ಬರ ಖಾತೆಯನ್ನು ಮನ್ನಾ ಮಾಡುವುದಿಲ್ಲ.

ಗಟ್ಟಿಯಾದ ಆಕ್ಷೇಪ ಹೇಮಚಂದ್ರನಿಂದಲೇ ಬರುತ್ತದೆ. ಅವನು ಒಂದು ವಿನಾಯಿತಿ ಇಟ್ಟಿದ್ದಾನೆ: ದಾಕ್ಷಿಣ್ಯಕ್ಕೆ ಒಳಗಾಗುವವರಿಗೆ, ಅಂದರೆ ಮಕ್ಕಳು, ನಂಟರಂಥವರಿಗೆ ಕೊಡಬೇಕಾಗಿ ಬಂದರೆ ಸರಿ, ಉಳಿದವರಿಗೆ ಕೊಡಬಾರದು. ಹಾಗಾದರೆ ಗುರುತು ಪರಿಚಯವಿರುವವರಿಗೆ ಅಳತೆ ತೆಗೆದು ಕೊಡುವವನು ಕ್ಷಮ್ಯ, ಅಪರಿಚಿತ ಲೋಕಕ್ಕೆಲ್ಲ ಕಣ್ಣುಮುಚ್ಚಿ ಹಂಚುವ ಲಿನಕ್ಸ್‌ನವರೇ ದೋಷಿಗಳು ಎಂದಾಯಿತಲ್ಲ? ನನ್ನ ವಾದವನ್ನು ಇದು ತಲೆಕೆಳಗು ಮಾಡುತ್ತದೆ. ಆದರೆ ವಿನಾಯಿತಿಯ ಕಾರಣವನ್ನು ನೋಡಬೇಕು. ಮಗನಿಗೆ ನೇಗಿಲು ಕೊಡಬಹುದು ಎಂದದ್ದು ಮಗನ ಉದ್ದೇಶ ತಿಳಿದಿದೆ ಎಂದಲ್ಲ, ಇಲ್ಲವೆಂದರೆ ಸಂಸಾರ ನಡೆಯುವುದಿಲ್ಲ ಎಂದು. ಅಂದರೆ ಕೊಡುವುದಕ್ಕೆ ಒಂದು ಪ್ರಯೋಜನವಿದೆ. ಅಪರಿಚಿತನಿಗೆ ಸುಮ್ಮನೆ ಕೊಟ್ಟ ಒನಕೆಯಲ್ಲಿ ಅದಿಲ್ಲ. ಅವನ ಕಾಲದ ಒನಕೆ ಇದ್ದದ್ದೂ ಒಂದೇ; ನಾನು ಕೊಡದಿದ್ದರೆ ನನ್ನ ಒನಕೆಯಿಂದ ಕೆಡುಕಾಗುವುದು ತಪ್ಪುತ್ತಿತ್ತು. ಎಲ್ಲರೆದುರೂ ತೆರೆದಿಟ್ಟ ಸಂಕೇತಕ್ಕೆ ಈ ಎರಡೂ ಹೊಂದುವುದಿಲ್ಲ. ಶಾಲೆ, ಆಸ್ಪತ್ರೆ, ಬ್ಯಾಂಕು, ಮೊಬೈಲ್ ಎಲ್ಲವೂ ಅದರ ಮೇಲೆ ನಡೆಯುತ್ತಿರುವಾಗ ಅದನ್ನು ನಿಷ್ಪ್ರಯೋಜಕ ದಾನ ಎನ್ನುವುದು ಹೇಗೆ? ಒಬ್ಬ ಕೊಲೆಗಡುಕನಿಗೆ ಇಲ್ಲವೆಂದರೆ ಅವನಿಗೆ ಪ್ರತಿ ಸಿಗದೆ ಹೋಗುತ್ತದೆಯೇ? ಇನ್ನೊಂದು ಮಾತು. ಇಂಥ ಆಯುಧಕ್ಕೆಂದೇ ಅಳತೆ ತೆಗೆದು ಕೊಟ್ಟದ್ದು ಅನರ್ಥದಂಡದ ಪಟ್ಟಿಗೇ ಬರುವುದಿಲ್ಲ, ಏಕೆಂದರೆ ಅಲ್ಲಿ ಪ್ರಯೋಜನ ಸ್ಪಷ್ಟವಾಗಿದೆ, ಹಣವೂ ಸಂದಿದೆ. ಅದು ಅಹಿಂಸೆ ಎಂಬ ಮೊದಲ ವ್ರತದ ಖಾತೆಗೇ ಹೋಗಬೇಕಾದ ವಿಷಯ. ಗೊತ್ತಿಲ್ಲದೆ ಕೊಟ್ಟೆ ಎನ್ನುವ ಚಿಕ್ಕ ದೋಷದ ಆಶ್ರಯ ಹೊಂದಿಸಿದವನಿಗೆ ಸಿಗುವುದಿಲ್ಲ.

ಹೊಂದಿಸುವವನು ಹೊಸದಾಗಿ ಏನನ್ನೂ ಮಾಡಿಲ್ಲ, ಇದ್ದದ್ದರಲ್ಲಿ ಆರಿಸಿದ್ದಾನೆ ಅಷ್ಟೇ ಎನ್ನುವ ವಾದವೂ ಉಂಟು. ಕರ್ನಲ್‌ಗೆ ಅನ್ವಯಿಸುವ ಜಿಪಿಎಲ್ ಲೈಸೆನ್ಸಿನ ಎರಡನೆಯ ಆವೃತ್ತಿಯೇ ಇದಕ್ಕೆ ಉತ್ತರ ಕೊಡುತ್ತದೆ. ಮೂಲ ಕರ್ತೃಗಳಿಗೆ ಯಾವ ಹೊಣೆಯೂ ಇಲ್ಲ ಎಂದು ಅದು ಕೊನೆಯಲ್ಲಿ ಕೈತೊಳೆದುಕೊಳ್ಳುತ್ತದೆ. ಆದರೆ ಫೈಲುಗಳನ್ನು ಬದಲಿಸಿದವನು ಮಾತ್ರ ತಾನು ಬದಲಿಸಿದ್ದೇನೆ, ಇಂಥ ದಿನ ಬದಲಿಸಿದ್ದೇನೆ ಎಂದು ಎದ್ದು ಕಾಣುವಂತೆ ಬರೆಯಬೇಕು. ವಕೀಲರು ಬರೆದ ಕಾಗದದಲ್ಲೂ ರುಜು ಕೇಳಿದ್ದು ಕೈ ಹಾಕಿದವನದು. ಇನ್ನು ಆಯ್ಕೆ ಎನ್ನುವುದು ಸಣ್ಣ ಕೆಲಸವೂ ಅಲ್ಲ. ಅಮೆರಿಕದ ಟೆಕ್ಸಸ್‌ನ ಕಂಪನಿಯೊಂದು ಲಿನಕ್ಸ್ ಓಡುವ ಬಂದೂಕು ಮಾಡಿತ್ತು. ಗುರಿ ಗೊತ್ತುಮಾಡಿ ಕುದುರೆ ಒತ್ತಿ ಹಿಡಿದರೆ, ನಳಿಗೆ ಗುರಿಗೆ ಸರಿಯಾದ ಕ್ಷಣದಲ್ಲಿ ಗುಂಡು ತಾನೇ ಹಾರುತ್ತದೆ. 2015ರಲ್ಲಿ ಇಬ್ಬರು ಸಂಶೋಧಕರು ಅದರ ವೈ-ಫೈ ಮೂಲಕ ಒಳಗೆ ನುಗ್ಗಿ, ಬಳಸುವವನಿಗೆ ತಿಳಿಯದಂತೆ ಗುರಿಯನ್ನೇ ಪಕ್ಕಕ್ಕೆ ಸರಿಸಬಹುದೆಂದು ತೋರಿಸಿದರು. ಆ ಬಂದೂಕಿಗೆ ವೈ-ಫೈ ಬೇಕು ಎಂದದ್ದೂ ಒಂದು ಆಯ್ಕೆಯೇ. ಲಿನಕ್ಸ್‌ನಲ್ಲಿ ವೈ-ಫೈ ಸಂಕೇತ ಇದೆ ಎನ್ನುವುದು ಅದಕ್ಕೆ ಸಮಜಾಯಿಷಿ ಆಗದು.

ಹೊಣೆ ಎಂದ ಮಾತ್ರಕ್ಕೆ ಅಪರಾಧ ಎಂದಲ್ಲ. ಹಜೀರಾದ ಫಿರಂಗಿಯನ್ನು ಪಾಪದ ಕೂಸು ಎನ್ನುವುದು ನನ್ನ ಉದ್ದೇಶವೂ ಅಲ್ಲ. ಅಹಿಂಸೆಯನ್ನು ಪರಮಧರ್ಮವೆಂದವರೇ ಗೃಹಸ್ಥನ ಹಿಂಸೆಯನ್ನು ಸಂಕಲ್ಪದ್ದು, ಮನೆಗೆಲಸದ್ದು, ಉದ್ಯೋಗದ್ದು, ಎದುರಿಸಿ ನಿಲ್ಲುವಾಗಿನದು ಎಂದು ವಿಂಗಡಿಸಿ, ಬೇಕೆಂದೇ ಮಾಡಿದ ಮೊದಲನೆಯದನ್ನು ಪೂರ್ತಿ ನಿಷೇಧಿಸಿ, ಕೊನೆಯದಕ್ಕೆ ಜಾಗ ಬಿಟ್ಟರು. ಶ್ರವಣಬೆಳಗೊಳದ ಗೊಮ್ಮಟನನ್ನು ನಿಲ್ಲಿಸಿದ ಚಾವುಂಡರಾಯ ಗಂಗರ ಸೇನಾಪತಿ. ಯೋಗಶಾಸ್ತ್ರ ಕೇಳಿಸಿಕೊಂಡ ಕುಮಾರಪಾಲ ಶಾಕಂಭರಿಯ ಅರ್ಣೋರಾಜನೊಡನೆ ಕಾದಾಡಿದವನು. ದೇಶದ ಗಡಿ ಕಾಯುವವರಿಗೆ ಯಂತ್ರ ಹೊಂದಿಸಿಕೊಡುವ ಇಂಜಿನಿಯರು ತನ್ನ ಕೆಲಸವನ್ನು ಈ ಕೊನೆಯ ಬಗೆಯ ಲೆಕ್ಕಕ್ಕೆ ಬರೆದುಕೊಳ್ಳಬಹುದು. ಅದನ್ನು ಒಪ್ಪುವವರೂ ಇದ್ದಾರೆ, ಒಪ್ಪದವರೂ ಇದ್ದಾರೆ. ಬರೆದುಕೊಳ್ಳುವವನು ಅವನೇ ಎಂಬುದನ್ನು ಮಾತ್ರ ಇಬ್ಬರೂ ಒಪ್ಪಬೇಕಾಗುತ್ತದೆ. ನಾನು ಮಾಡಿದ್ದು ಬರೀ ಲಿನಕ್ಸ್ ಕೆಲಸ ಎಂದು ಅವನು ಖಾತೆಯನ್ನೇ ಖಾಲಿ ಬಿಡುವ ಹಾಗಿಲ್ಲ.

ನನ್ನ ಗೆರೆ ಮಸುಕಾಗುವ ಜಾಗಗಳಿವೆ. ಕೊಟ್ಟ ಗಡುವಿನೊಳಗೆ ಉತ್ತರ ಬಂದೇ ತೀರುವಂತೆ ಕರ್ನಲ್ಲನ್ನು ಬಿಗಿಗೊಳಿಸುವ ತೇಪೆಗಳು ಇಪ್ಪತ್ತು ವರ್ಷ ಹೊರಗೇ ಬೆಳೆದು 2024ರಲ್ಲಿ 6.12ನೆಯ ಆವೃತ್ತಿಯಲ್ಲಿ ಮೂಲಕ್ಕೆ ಸೇರಿದವು. ಲೇತ್ ಯಂತ್ರಕ್ಕೆ, ಸಂಗೀತದ ಧ್ವನಿಮುದ್ರಣಕ್ಕೆ, ರೋಬಾಟ್ ತೋಳಿಗೆ ಬೇಕಾದ ಗುಣ ಅದು; ಕ್ಷಿಪಣಿಗೂ ಬೇಕಾದ್ದೇ. ಅದನ್ನು ಬರೆದವರು ಎಲ್ಲರಿಗೂ ಕೊಟ್ಟವರೋ, ಯಾರಿಗೋ ಹೊಂದಿಸಿದವರೋ? ಮೂಲಕ್ಕೆ ಸೇರಿದ್ದರಿಂದ ಎಲ್ಲರಿಗೂ ಎನ್ನಬಹುದು, ಆದರೆ ಯಾವುದೋ ಸೇನೆಯ ಗುತ್ತಿಗೆದಾರ ಹಣ ಕೊಟ್ಟು, ತನಗೆ ಬೇಕಾದಂತೆ ಒಂದು ಭಾಗವನ್ನು ಬರೆಸಿ ಮೂಲಕ್ಕೆ ದಾಟಿಸಿದರೆ ಅಲ್ಲಿ ಅಳತೆ ಪಟ್ಟಿ ನೆರಳಿನಲ್ಲಿ ಇದ್ದೇ ಇದೆ. ಇದಕ್ಕಿಂತ ದಿನನಿತ್ಯದ ತೊಡಕು ಇನ್ನೊಂದು. ಅಳತೆ ತೆಗೆಯುವವನು ಒಬ್ಬ, ಕತ್ತರಿಸುವವನು ಇನ್ನೊಬ್ಬ ಆಗಿಬಿಟ್ಟಿರುವುದು ಇಂದಿನ ಕಚೇರಿಗಳ ರೀತಿ. ಬೆಂಗಳೂರಿನ ಯಾವುದೋ ಕಟ್ಟಡದಲ್ಲಿ ಕೂತವನಿಗೆ ಸಿಗುವುದು ಟಿಕೆಟ್ ಒಂದೇ: ಇಂತಿಂಥ ಪ್ಯಾಕೇಜು ತೆಗೆ, ಇಂಥ ಡ್ರೈವರ್ ಸೇರಿಸು, ಶುಕ್ರವಾರದೊಳಗೆ ಐಎಸ್‌ಒ ಕೊಡು. ಗಿರಾಕಿಯ ಹೆಸರಿನ ಜಾಗದಲ್ಲಿ ಒಂದು ಸಂಕೇತನಾಮ. ಇವನಿಗೆ ಮೈಯ ಗುರುತಿಲ್ಲ, ಆದ್ದರಿಂದ ಹೊಣೆಯೂ ಇಲ್ಲ ಎನ್ನೋಣವೇ? ಸಮಂತಭದ್ರನ ಐದರ ಪಟ್ಟಿಯಲ್ಲಿ ಹಿಂಸಾದಾನದ ಜೊತೆಗೇ ಪ್ರಮಾದಚರ್ಯೆ ಎಂಬ ಇನ್ನೊಂದು ದೋಷವಿದೆ: ಎಚ್ಚರವಿಲ್ಲದೆ ನೆಲ ಅಗೆಯುವುದು, ನೀರು ಚೆಲ್ಲುವುದು, ಬೆಂಕಿ ಹಚ್ಚುವುದು. ಕೇಳಿದ್ದರೆ ತಿಳಿಯುತ್ತಿದ್ದುದನ್ನು ಕೇಳದೆ ಬಿಟ್ಟವನ ಜಾಗ ಅಲ್ಲಿದೆ. ಟಿಕೆಟ್ಟಿನಲ್ಲಿ ಯುಎಸ್‌ಬಿ ಮುಚ್ಚು ಎಂದಿದ್ದರೆ ಯಾರಿಂದ ಮುಚ್ಚಬೇಕು ಎಂದು ಕೇಳಬಹುದು. ಬಳಸುವವನಿಗೆ ತಿಳಿಯದಂತೆ ದಾಖಲೆ ಇಡು ಎಂದಿದ್ದರೆ ಆ ಬಳಸುವವನು ಯಾರು ಎಂದು ಕೇಳಬಹುದು. ರಹಸ್ಯ, ಹೇಳಲಾಗದು ಎಂದು ಉತ್ತರ ಬಂದರೆ ಅದೂ ಒಂದು ಮಾಹಿತಿಯೇ. ಆ ಮಾಹಿತಿ ಕೈಗೆ ಬಂದ ಮೇಲೆ ಫೈಲಿಗೆ ಮುಂದಿನ ಸಾಲು ಬರೆಯುವವನು ಗೊತ್ತಿದ್ದೇ ಬರೆಯುತ್ತಾನೆ.